ಕಾರಣ ಬರೆಯುವ ಸಾಲು

ಆ ಅಂಗಡಿಯಲ್ಲಿ ಸಾಮಾನು ಮಾರುವುದಕ್ಕೆ ಮೂರು ಮಹಡಿ ಇತ್ತು, ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಒಂದೇ ಒಂದು ಮೇಜು. ಅದೂ ಮೆಟ್ಟಿಲ ಕೆಳಗೆ, ಎತ್ತರದವರು ತಲೆ ತಗ್ಗಿಸಿಕೊಂಡೇ ಬರಬೇಕಾದ ಜಾಗದಲ್ಲಿ. ಇಸ್ತ್ರಿ ಪೆಟ್ಟಿಗೆ, ಫ್ಯಾನು, ಹೀಟರು, ಕೆಟಲು, ಕರೆಂಟು ತಿನ್ನುವ ಏನೇ ಇರಲಿ, ಮನೆಗೆ ಹೋಗಿ ಮುನಿಸಿಕೊಂಡು ವಾಪಸು ಬಂದರೆ ಮೊದಲು ನಿಲ್ಲಬೇಕಾದದ್ದು ದೊಡ್ಡಮ್ಮನ ಮುಂದೆ. ಅವಳು ಅಲ್ಲಿ ಯಾರಿಗೂ ದೊಡ್ಡಮ್ಮ ಆಗಬೇಕಿರಲಿಲ್ಲ. ಐವತ್ತೆಂಟರ ವಯಸ್ಸು, ಅಗಲವಾದ ಮುಖ, ಮೂಗಿನ ತುದಿಗೆ ಜಾರಿದ ಕನ್ನಡಕ, ಅದರ ಮೇಲಿನಿಂದ ಎದುರಿಗಿದ್ದವರನ್ನು ಅಡಿಯಿಂದ ಮುಡಿಯವರೆಗೆ ಅಳೆಯುವ ನೋಟ. ಇಷ್ಟನ್ನು ಕಂಡ ಮೇಲೆ ಬೇರೆ ಹೆಸರಿನಿಂದ ಕರೆಯಲು ಯಾರಿಗೂ ಧೈರ್ಯ ಬಂದಿರಲಿಲ್ಲ, ಅಷ್ಟೆ.

ಅವಳ ಮೇಜಿನ ಮೇಲೆ ಎರಡು ಚೀಟಿ ಪುಸ್ತಕ. ಸಾಮಾನು ಸರಿಯಿದೆ, ಗಿರಾಕಿಯ ಮನಸ್ಸು ಬದಲಾಗಿದೆ ಅಷ್ಟೇ ಎಂದಾದರೆ ಹಸಿರು ಚೀಟಿ. ಅದು ಪ್ಯಾಕಿಂಗ್ ಮೇಜಿಗೆ ಹೋಗಿ, ಕಂದು ಟೇಪು ಸುತ್ತಿಸಿಕೊಂಡು, ಮತ್ತೆ ಮಾರುವ ಶೆಲ್ಫಿಗೆ ಏರುತ್ತದೆ. ಸಾಮಾನಿನಲ್ಲೇ ದೋಷವಿದ್ದರೆ ಕೆಂಪು ಚೀಟಿ. ಅದು ರಿಪೇರಿ ಕೋಣೆಗೆ, ಸರಿಯಾದ ಮೇಲೆ ಅಲ್ಲಿಂದ ಪ್ಯಾಕಿಂಗ್ ಮೇಜಿಗೆ. ಎರಡೂ ಚೀಟಿಯಲ್ಲಿ ತಾರೀಖು, ಸಾಮಾನಿನ ನಂಬರು, ಗಿರಾಕಿಯ ಫೋನ್ ನಂಬರು, ಕಡೆಯಲ್ಲಿ ‘ಕಾರಣ’ ಎಂದು ಒಂದು ಸಾಲು.

ಆ ಕಡೆಯ ಸಾಲೇ ದೊಡ್ಡಮ್ಮನ ಹೆಗ್ಗಳಿಕೆ. ಗಿರಾಕಿ ಬಾಯಿ ತೆರೆದು ಕಥೆ ಶುರುಮಾಡುವಷ್ಟರಲ್ಲಿ ಅವಳು ಅರ್ಧ ಬರೆದು ಮುಗಿಸಿರುತ್ತಿದ್ದಳು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮೆತ್ತಗೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದರೆ, ಅವನೇ ಬೀಳಿಸಿದ್ದಾನೆ. ಇಟ್ಟ ಮೇಲೂ ಮುಚ್ಚಳದ ಮೇಲಿನ ಕೈ ತೆಗೆಯದಿದ್ದರೆ, ಗಿರಾಕಿಗೆ ವಾಪಸು ಕೊಡುವ ಮನಸ್ಸಿಲ್ಲ, ಮನೆಯಲ್ಲಿ ಯಾರೋ ಒತ್ತಾಯ ಮಾಡಿ ಕಳಿಸಿದ್ದಾರೆ. ಹೀಗೆ. ಅಂಗಡಿಯವರು ಅದಕ್ಕೆ ‘ದೊಡ್ಡಮ್ಮನ ಕೋರ್ಟು’ ಎಂದು ಹೆಸರಿಟ್ಟಿದ್ದರು. ಅಪ್ಪನ ಕಾಲದಿಂದ ಅವಳನ್ನು ನೋಡಿದ್ದ ಸಣ್ಣ ಯಜಮಾನರಂತೂ ಯಾರೇ ದೊಡ್ಡ ಮನುಷ್ಯರು ಬಂದರೂ ಮೆಟ್ಟಿಲ ಕೆಳಗೆ ಕರೆತಂದು, ಇವರ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ ನೋಡಿ ಎಂದು ತೋರಿಸುತ್ತಿದ್ದರು.

ದೊಡ್ಡಮ್ಮನಿಗೆ ತನ್ನ ಗೆಲುವುಗಳಲ್ಲೆಲ್ಲ ಬಲು ಇಷ್ಟವಾದದ್ದು ಚಪ್ಪಲಿಯ ಕಥೆ. ಪ್ಯಾಕಿಂಗ್ ಮೇಜಿನ ಹೆಂಗಸು, ಅಂದರೆ ಟೇಪಿನ ಸುರುಳಿಯನ್ನು ಬಳೆಯ ಹಾಗೆ ಸದಾ ಮುಂಗೈಗೆ ಏರಿಸಿಕೊಂಡಿರುವ ಟೇಪಮ್ಮ, ಆಗ ಕೆಲಸಕ್ಕೆ ಹೊಸಬಳು. ಒಂದು ಬೆಳಿಗ್ಗೆ ಮುಳ್ಳಿನ ಮೇಲೆ ಕಾಲಿಡುವವಳ ಹಾಗೆ ನಡೆದು ಬಂದಳು. ಮುಖ ಕಿವುಚಿಕೊಂಡಿತ್ತು. ದೊಡ್ಡಮ್ಮ ಒಂದು ಮಾತು ಕೇಳಲಿಲ್ಲ. ತನ್ನ ಮೆತ್ತನೆಯ ಬಟ್ಟೆಯ ಚಪ್ಪಲಿ ಬಿಚ್ಚಿ ಅವಳ ಕಾಲ ಬಳಿ ತಳ್ಳಿದಳು, ತನ್ನ ಸ್ಟೂಲ್ ಮೇಲೆ ಕೂರಿಸಿದಳು, ಮಧ್ಯಾಹ್ನದವರೆಗೆ ತಾನು ಬರಿಗಾಲಲ್ಲಿ ನಿಂತೇ ಕೆಲಸ ಮಾಡಿದಳು. “ಹೊಸ ಚಪ್ಪಲಿ ಕಚ್ಚಿತ್ತು, ಹೇಳೋಕೆ ಸಂಕೋಚ. ನಾನು ಮುಖ ನೋಡೇ ಹಿಡಿದೆ,” ಎಂದು ಏಳು ವರ್ಷದಿಂದ ಹೇಳಿಕೊಂಡು ಬಂದಿದ್ದಾಳೆ.

ಈ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ, ಕಿವಿ ಹೋಗುತ್ತ ಹೋಗುತ್ತ ಬಂದದ್ದು. ಆ ಗುಟ್ಟು ದೊಡ್ಡಮ್ಮನೊಬ್ಬಳಿಗೇ ಗೊತ್ತು ಎಂದು ದೊಡ್ಡಮ್ಮ ತಿಳಿದಿದ್ದಳು. ಹತ್ತು ವರ್ಷದ ಹಿಂದೆ ಮೊದಲು ಫೋನಿನ ಗಂಟೆ ದೂರವಾಯಿತು, ಆಮೇಲೆ ಹೆಂಗಸರ ದನಿ, ಆಮೇಲೆ ಗಂಡಸರದ್ದೂ. ಮೊದಮೊದಲು “ಏನಂದ್ರಿ?” ಎಂದು ಕೇಳುತ್ತಿದ್ದಳು. ಒಂದು ಸಲ ಕೇಳಿದರೆ ಜನ ಹೇಳುತ್ತಾರೆ, ಎರಡನೆಯ ಸಲ ಕೂಗುತ್ತಾರೆ, ಮೂರನೆಯ ಸಲ ಅವರ ಮುಖದ ಮೇಲೆ ಒಂದು ಬೇಸರ ಬರುತ್ತದೆ. ಆ ಬೇಸರವನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಕೇಳಿಸಿಕೊಳ್ಳಬೇಕಾಗುತ್ತದೆ. ಅದರ ಬದಲು ಮುಖ ನೋಡಿ ಬರೆದುಬಿಡುವುದು ಸುಲಭ. ಹಾಗಾಗಿ ಕೇಳುವುದನ್ನೇ ಬಿಟ್ಟಳು. ಬಿಟ್ಟದ್ದು ಅಭ್ಯಾಸವಾಯಿತು, ಅಭ್ಯಾಸ ಹೆಮ್ಮೆಯಾಯಿತು.

ಮೂರು ವಾರದ ಹಿಂದೆ ಮಗಳು ಬಂದು ಹಟ ಹಿಡಿದು ಕೂತಳು. ಬಾಗಿಲಲ್ಲಿ ನಿಂತು ಕಾಲು ಗಂಟೆ ಕರೆಗಂಟೆ ಒತ್ತಿದರೂ ಒಳಗಿದ್ದ ಅಮ್ಮ ತೆರೆದಿರಲಿಲ್ಲ. ಅಮ್ಮನ ಯಾವ ನೆವವನ್ನೂ ಕೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿ ಮಷೀನು ಹಾಕಿಸಿಯೇ ಊರಿಗೆ ಹೊರಟಳು. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು, ಕೂದಲು ಇಳಿಬಿಟ್ಟರೆ ಕಾಣುವುದಿಲ್ಲ.

ಮೊದಲ ವಾರ ದೊಡ್ಡಮ್ಮನಿಗೆ ಜಗತ್ತೆಲ್ಲ ತಮಾಷೆಯಾಗಿ ಕಂಡಿತು. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು, ಎಷ್ಟು ವರ್ಷದಿಂದಲೋ! ತನ್ನ ಚಪ್ಪಲಿ ಚಟಪಟ ಸದ್ದು ಮಾಡುತ್ತಿತ್ತು. ಬಸ್ಸು ಓಡಿಸಿ ನಿವೃತ್ತನಾದ ಗಂಡ ಪೇಪರು ಓದುವಾಗ ಸುಮ್ಮನಿರುತ್ತಾನೆ ಎಂದುಕೊಂಡಿದ್ದಳಲ್ಲ, ಅವನು ಓದಿದ ಪ್ರತಿ ಸುದ್ದಿಗೂ ಮಂತ್ರಿಗಳಿಂದ ಹಿಡಿದು ಆಟಗಾರರವರೆಗೆ ಎಲ್ಲರನ್ನೂ ಬಯ್ಯುತ್ತಿದ್ದ. ಪಾಪ, ಹತ್ತು ವರ್ಷ ಒಬ್ಬನೇ ಬಯ್ದಿದ್ದಾನೆ ಎಂದು ನಗು ಬಂತು, ಆಮೇಲೆ ಸ್ವಲ್ಪ ಸಂಕಟವೂ ಆಯಿತು.

ಮೇಜಿನ ಹಿಂದೆ ಮಾತ್ರ ಕಷ್ಟವಾಯಿತು. ಮುಖ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತಿತ್ತು. ಯಾವುದನ್ನು ನಂಬುವುದು? ಒಬ್ಬ ಜೇನಿನಂಥ ದನಿಯವನು ಬಂದು, “ಅಮ್ಮಾ, ನಿಮ್ಮನ್ನ ನೋಡಿದ್ರೆ ನಮ್ಮಮ್ಮನ್ನೇ ನೋಡಿದ ಹಾಗಾಗುತ್ತೆ,” ಎಂದ. ದೊಡ್ಡಮ್ಮ ಕರಗಿ ಕೆಂಪು ಚೀಟಿ ಬರೆದು ಹೊಸ ಇಸ್ತ್ರಿ ಪೆಟ್ಟಿಗೆ ಕೊಡಿಸಿದಳು. ಮರುದಿನ ರಿಪೇರಿ ಕೋಣೆಯ ಸ್ಕ್ರೂ ಮಾವ ಹಳೆಯದನ್ನು ತಂದು ಅವಳ ಮೂಗಿನಡಿ ಹಿಡಿದ. ತಳಕ್ಕೆ ಪ್ಲಾಸ್ಟಿಕ್ ಚೀಲ ಕರಗಿ ಅಂಟಿತ್ತು. ಈ ಸ್ಕ್ರೂ ಮಾವ ಯಾವಾಗಲೂ ತುಟಿಯಲ್ಲಿ ಒಂದು ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು, ಅದಕ್ಕೇ ಆ ಹೆಸರು.

“ದೊಡ್ಡಮ್ಮ, ಕೋರ್ಟಿಗೆ ರಜೆ ಕೊಟ್ಟಿದ್ರಾ?” ಎಂದ ಸ್ಕ್ರೂ ಸಂದಿಯಿಂದ.

ಅವಳ ಮುಖ ಹುಳ್ಳಗಾಯಿತು. ಕಿವಿ ಬಂದು ಕಣ್ಣು ಕೆಡಿಸಿತು ಎಂದು ಅಂದೇ ತೀರ್ಮಾನ ಮಾಡಿದಳು.

ಕೆಟಲಿನ ಗಲಾಟೆ ಆದದ್ದು ಒಂದು ಗುರುವಾರ. ಕಾಲಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಹೆಂಗಸು ಕೋಲೂರಿಕೊಂಡು ಬಂದಳು. ದೊಡ್ಡಮ್ಮನ ಮೇಜಿಗೆ ಬರದೆ ಸೀದಾ ಮೇಲೆ ಯಜಮಾನರ ಗಾಜಿನ ಕೋಣೆಗೆ ಹತ್ತಿದಳು. ಐದು ದಿನದ ಹಿಂದೆ ಕೊಂಡ ಕೆಟಲಂತೆ. ನೀರು ಕಾಯಿಸಿ ಎತ್ತುವಾಗ ಹಿಡಿ ಕಳಚಿ ಕುದಿಯುವ ನೀರೆಲ್ಲ ಪಾದದ ಮೇಲೆ. ಮೆಟ್ಟಿಲಿಳಿದು ಹೋಗುವಾಗ ಅವಳ ಮುಖ ಗಂಟಿಕ್ಕಿಕೊಂಡು ಬಿಗಿದಿತ್ತು. ಕೋಪ, ದೊಡ್ಡ ಕೋಪ ಎಂದು ದೊಡ್ಡಮ್ಮ ಮನಸ್ಸಿನಲ್ಲೇ ಚೀಟಿ ಬರೆದಳು.

ಆಮೇಲೆ ಯಜಮಾನರು ಆ ಪೆಟ್ಟಿಗೆ ಹಿಡಿದು ಕೆಳಗೆ ಬಂದರು. ಪೆಟ್ಟಿಗೆಯ ಬಾಯಿಗೆ ಕಂದು ಟೇಪು ಇತ್ತು. ಹೊಸ ಸಾಮಾನಿನ ಮೇಲೆ ಕಂದು ಟೇಪು ಇರುವುದಿಲ್ಲ. ಅಂದರೆ ಅದನ್ನು ಹಿಂದೆ ಯಾರೋ ವಾಪಸು ಕೊಟ್ಟಿದ್ದಾರೆ, ದೋಷವಿರುವುದನ್ನೇ ಅಂಗಡಿಯವರು ಮತ್ತೆ ಮಾರಿದ್ದಾರೆ.

ವಾಪಸು ಬಂದ ಸಾಮಾನಿನ ಚೀಟಿಗಳನ್ನೆಲ್ಲ ಟೇಪಮ್ಮನ ಮೇಜಿನ ಮೇಲಿನ ಉದ್ದನೆಯ ಮೊಳೆಗೆ ಚುಚ್ಚಿಡುವುದು ಪದ್ಧತಿ. ಮೊಳೆಯಲ್ಲಿ ಆ ಕೆಟಲಿನ ಚೀಟಿ ಇರಲಿಲ್ಲ. ಮಿಕ್ಕ ಸಾಮಾನಿನವೆಲ್ಲ ಇದ್ದವು, ಅದೊಂದೇ ಇಲ್ಲ.

“ಇಲ್ಲಿ ಇಬ್ಬರಲ್ಲಿ ಒಬ್ಬರು ತಪ್ಪು ಮಾಡಿ ಚೀಟಿ ಹರಿದಿದ್ದಾರೆ,” ಎಂದರು ಯಜಮಾನರು. “ರಿಪೇರಿ ಮಾಡದೆ ಸ್ಕ್ರೂ ಮಾವ ಕಳಿಸಿರಬೇಕು. ಇಲ್ಲಾ, ರಿಪೇರಿಗೇ ಕಳಿಸದೆ ಟೇಪಮ್ಮ ಸುತ್ತಿರಬೇಕು. ಯಾರು ಅಂತ ಗೊತ್ತಾದ್ರೆ ಅವರಿಗೆ ಇವತ್ತೇ ಕಡೇ ದಿನ. ದೊಡ್ಡಮ್ಮ, ನೀವು ಮೇಲೆ ಬನ್ನಿ. ನಾನು ಕೇಳ್ತೀನಿ, ನೀವು ಮುಖ ನೋಡಿ.”

ಮೂರನೆಯ ಸಾಧ್ಯತೆ ಒಂದಿದೆ ಎಂದು ಯಾರಿಗೂ ಹೊಳೆಯಲಿಲ್ಲ, ದೊಡ್ಡಮ್ಮನಿಗಂತೂ ಹೊಳೆಯಲೇ ಇಲ್ಲ. ಎರಡು ತಿಂಗಳ ಹಿಂದೆ ಬಂದ ಕೆಟಲು, ದಿನಕ್ಕೆ ಮೂವತ್ತು ಪೆಟ್ಟಿಗೆ ನೋಡುವ ಅವಳಿಗೆ ಅದರ ನೆನಪೂ ಇರಲಿಲ್ಲ. ನೆನಪಿಲ್ಲದಿದ್ದರೇನು, ತಾನು ಸರಿಯಾಗಿಯೇ ಬರೆದಿರುತ್ತೇನೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಟೇಪಮ್ಮನ ಗಂಡ ಬೆನ್ನು ಮುರಿದುಕೊಂಡು ಮನೆಯಲ್ಲಿದ್ದಾನೆ, ಅವಳ ಸಂಬಳದ ಮೇಲೆಯೇ ಮನೆ ನಿಂತಿದೆ ಎಂಬುದೂ ಗೊತ್ತಿತ್ತು. ಆದ್ದರಿಂದ ತಪ್ಪಬಾರದು. ಜೇನು ದನಿಯವನಿಗೆ ಮೋಸ ಹೋದ ಹಾಗೆ ಇನ್ನೊಮ್ಮೆ ಹೋಗಬಾರದು. ಮೆಟ್ಟಿಲು ಹತ್ತುತ್ತ ದೊಡ್ಡಮ್ಮ ಕೂದಲೊಳಗೆ ಕೈಹಾಕಿ ಮಷೀನು ತೆಗೆದು ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡಳು. ಲೋಕ ಮತ್ತೆ ಹತ್ತಿಯೊಳಗೆ ಹೋಯಿತು. ಅವಳಿಗೆ ಹಾಯೆನಿಸಿತು.

ಮೊದಲು ಸ್ಕ್ರೂ ಮಾವ ಬಂದ. ಅಂದು ಬಾಯಲ್ಲಿ ಸ್ಕ್ರೂ ಇರಲಿಲ್ಲ. ಕತ್ತಿನ ನರ ಉಬ್ಬಿತ್ತು, ಬೆರಳು ಮೇಜನ್ನು ಕುಟ್ಟುತ್ತಿತ್ತು. ಅನ್ಯಾಯಕ್ಕೆ ಸಿಟ್ಟಾದವನ ಮುಖ, ಒಳಗೆ ಏನೂ ಇಲ್ಲ. ದೊಡ್ಡಮ್ಮ ತಲೆಯಾಡಿಸಿ ಅವನನ್ನು ಬಿಟ್ಟುಬಿಟ್ಟಳು.

ಆಮೇಲೆ ಟೇಪಮ್ಮ. ಬಾಗಿಲಲ್ಲಿ ನಿಂತಾಗಲೇ ಅವಳ ತುಟಿ ಒಣಗಿತ್ತು. ಯಜಮಾನರು ಚೀಟಿ ಎಲ್ಲಿ ಎಂದು ಕೇಳಿದ್ದು ಅವರ ತುಟಿಯಲ್ಲಿ ಕಂಡಿತು. ಟೇಪಮ್ಮ ಮುಂಗೈಯ ಟೇಪಿನ ಸುರುಳಿಯನ್ನು ತಿರುಗಿಸತೊಡಗಿದಳು, ತಿರುಗಿಸುತ್ತಲೇ ಏನೋ ಹೇಳಿದಳು, ಉಗುಳು ನುಂಗಿದಳು. ಒಂದು ಕ್ಷಣ ದೊಡ್ಡಮ್ಮನತ್ತ ನೋಡಿ ಥಟ್ಟನೆ ಕಣ್ಣು ತೆಗೆದಳು. ಹೆದರಿಕೆ. ಮುಚ್ಚಿಡುವ ಹೆದರಿಕೆ, ಸಂಶಯವೇ ಇಲ್ಲ. ಹತ್ತು ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಮುಖವನ್ನು ದೊಡ್ಡಮ್ಮ ಕಂಡಿರಲಿಲ್ಲ.

“ಇವಳು ಏನೋ ಮುಚ್ಚಿಡ್ತಿದ್ದಾಳೆ,” ಎಂದಳು.

ಯಜಮಾನರು ಉಸಿರುಬಿಟ್ಟು, ನಾಳೆ ಬೆಳಿಗ್ಗೆ ಬಂದು ನಿನ್ನ ಸಾಮಾನು ತಗೊಂಡು ಹೋಗು ಎಂದದ್ದೂ ತುಟಿಯಲ್ಲೇ ಕಂಡಿತು. ಟೇಪಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ದೊಡ್ಡಮ್ಮನ ಕಿವಿಯ ಕಡೆ ನೋಡಿದಳು. ಕೂದಲು ಸರಿದು ಬರಿದಾಗಿ ಕಾಣುತ್ತಿದ್ದ ಕಿವಿ. ಆಮೇಲೆ ಕಣ್ಣಿನ ಕಡೆ. ಆಗ ಅವಳ ಮುಖದಲ್ಲಿ ಬಂದದ್ದನ್ನು ಓದಿ ದೊಡ್ಡಮ್ಮ ಕಕ್ಕಾಬಿಕ್ಕಿಯಾದಳು.

ಅದು ಕನಿಕರ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಯೋಚನೆ. ಕೆಲಸ ಹೋದದ್ದು ಅವಳದ್ದು, ಕನಿಕರ ನನ್ನ ಮೇಲೆ ಯಾಕೆ? ತಪ್ಪು ಓದಿದೆನೇ? ಇಲ್ಲ, ಆ ಹುಬ್ಬು, ಆ ಗದ್ದ, ಅದು ಕನಿಕರವೇ. ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ ಅದು ಅವಳನ್ನು ಬಿಡಲಿಲ್ಲ. ಇನ್ನೊಂದು ವಿಷಯವೂ ಅದರ ಹಿಂದೆಯೇ ಬಂತು. ಟೇಪಮ್ಮ ಅವಳೊಂದಿಗೆ ಎಂದೂ ಹಿಂದಿನಿಂದ ಮಾತಾಡಿದವಳಲ್ಲ. ಮೇಜು ಸುತ್ತಿಕೊಂಡು ಎದುರಿಗೆ ಬಂದು, ದೀಪದ ಬೆಳಕಿಗೆ ಮುಖ ಎತ್ತಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಳು. ಇದನ್ನು ದೊಡ್ಡಮ್ಮ ಬೆಣ್ಣೆ ಹಚ್ಚುವುದು ಎಂದು ಓದಿ ಏಳು ವರ್ಷವಾಗಿತ್ತು. ಬೆಣ್ಣೆ ಹಚ್ಚುವವಳಿಗೆ ಬೆಳಕು ಯಾಕೆ ಬೇಕು?

ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ತಟ್ಟೆ ನೋಡುತ್ತ ಕೇಳಿಸಿಕೊಂಡ, ಆಮೇಲೆ ಅವಳಿಗೆ ತುಟಿ ಕಾಣುವ ಹಾಗೆ ಮುಖ ಎತ್ತಿದ.

“ಅವಳನ್ನೇ ಕೇಳಿದ್ರಾಗಿತ್ತಲ್ಲ?” ಎಂದ.

“ಕೇಳೋದೇನು, ಮುಖದಲ್ಲೇ ಬರೆದಿತ್ತು.”

“ಹೌದಾ. ನನ್ನ ಮುಖದಲ್ಲಿ ಈಗ ಏನು ಬರೆದಿದೆ ಹೇಳು ನೋಡೋಣ.”

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ದವಡೆ ಬಿಗಿದಿತ್ತು, ಹುಬ್ಬಿನ ನಡುವೆ ಗೆರೆ, ತಟ್ಟೆಯ ಊಟ ಅರ್ಧಕ್ಕೆ ನಿಂತಿತ್ತು. “ಸಿಟ್ಟು ಬಂದಿದೆ. ನಾನು ತಡವಾಗಿ ಬಂದೆ ಅಂತ, ಬಂದವಳು ಬರೀ ಅಂಗಡಿ ಸುದ್ದಿ ಹೇಳ್ತಿದ್ದೀನಿ ಅಂತ. ಎರಡು ದಿನದಿಂದ ಮುಖ ಊದಿಸ್ಕೊಂಡೇ ಇದ್ದೀರಿ.”

“ಹಲ್ಲುನೋವು ಕಣೇ,” ಎಂದ ಅವನು. “ಎಡಗಡೆ ದವಡೆ. ಎರಡು ದಿನದಿಂದ ನೀನೇ ಕೇಳ್ತೀಯ ಅಂತ ಕಾಯ್ತಾ ಇದ್ದೀನಿ.”

ದೊಡ್ಡಮ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಬಿಗಿದ ಮುಖ ಕಂಡಿತ್ತು, ನಿಜ. ಆ ಬಿಗಿತಕ್ಕೆ ಕಾರಣ ಬರೆದವಳು ಮಾತ್ರ ತಾನೇ, ಅದೂ ತನ್ನ ತಲೆಯೊಳಗಿಂದ. ಲವಂಗ ತಂದು ಅವನ ಅಂಗೈಗೆ ಹಾಕಿದಳು. ಮಷೀನು ಇನ್ನೂ ಒಳಗೇ ಇದ್ದ ಕನ್ನಡಕದ ಡಬ್ಬಿಯನ್ನು ತುಂಬ ಹೊತ್ತು ನೋಡುತ್ತ ಕೂತಳು.

ಮರುದಿನ ಅಂಗಡಿ ತೆರೆಯುವ ಮೊದಲೇ ಹೋದಳು. ಮಷೀನು ಕಿವಿಯಲ್ಲಿತ್ತು. ಪ್ಯಾಕಿಂಗ್ ಮೇಜಿನ ಬಳಿ ಟೇಪಮ್ಮ ಆಗಲೇ ಬಂದು ತನ್ನ ಕತ್ತರಿ, ನೀರಿನ ಬಾಟಲಿ, ಬಾಚಣಿಗೆ, ಮಕ್ಕಳ ಫೋಟೋ ಎಲ್ಲವನ್ನೂ ಒಂದು ಖಾಲಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಟೇಪಿನ ಸುರುಳಿ ಇನ್ನೂ ಮುಂಗೈಯಲ್ಲೇ ಇತ್ತು. ದೊಡ್ಡಮ್ಮನನ್ನು ಕಂಡೊಡನೆ ಅಭ್ಯಾಸಬಲದಿಂದ ಮೇಜು ಸುತ್ತಿಕೊಂಡು ಬೆಳಕಿಗೆ ಬಂದು ನಿಂತಳು.

“ಅಲ್ಲೇ ಇರು,” ಎಂದಳು ದೊಡ್ಡಮ್ಮ. “ಕಿವಿಯಲ್ಲಿ ಮಷೀನಿದೆ. ನಿನಗೆ ಯಾವಾಗಿಂದ ಗೊತ್ತು?”

“ಯಾವುದು?”

“ನನ್ನ ಕಿವಿ.”

ಟೇಪಮ್ಮ ತಲೆ ತಗ್ಗಿಸಿದಳು. “ಸೇರಿದ ವಾರವೇ ಗೊತ್ತಾಯ್ತು. ಕೆಳಗಿರೋರಿಗೆ ಎಲ್ಲರಿಗೂ ಗೊತ್ತು, ದೊಡ್ಡಮ್ಮ. ಸ್ಕ್ರೂ ಮಾವನಿಗೂ. ನೀವು ಈಗ ಮಷೀನ್ ಹಾಕ್ಕೊಂಡಿರೋದೂ ಗೊತ್ತು. ಮೇಲಿನೋರಿಗೆ ಮಾತ್ರ ಗೊತ್ತಿಲ್ಲ.”

ದೊಡ್ಡಮ್ಮ ಸ್ಟೂಲ್ ಎಳೆದುಕೊಂಡು ಕೂತಳು. ಹತ್ತು ವರ್ಷ ಕಾಪಾಡಿದ ಗುಟ್ಟನ್ನು ಇಡೀ ಕೆಳಮಹಡಿ ತನ್ನ ಜೊತೆ ಸೇರಿ ಕಾಪಾಡಿದೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ಬಂದ ಕೆಲಸ ಅದಲ್ಲ.

“ನಿನ್ನೆ ನೀನು ಏನೋ ಮುಚ್ಚಿಟ್ಟೆ. ಅದು ನನಗೆ ಕಂಡಿತು. ಯಾಕೆ ಅಂತ ಕಾಣಲಿಲ್ಲ. ಯಾಕೆ?”

“ಬಿಡಿ ದೊಡ್ಡಮ್ಮ. ಆಗಿದ್ದು ಆಯ್ತು.”

“ಬಿಡಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರನ್ನ ಯಾಕೆ ಅಂತ ಕೇಳ್ತಾ ಇದ್ದೀನಿ. ಹೇಳು.”

ಟೇಪಮ್ಮ ಮುಂಗೈಯ ಸುರುಳಿ ಕಳಚಿ, ಅದರ ರಟ್ಟಿನ ಉಂಗುರದ ಒಳಗೆ ಬೆರಳು ಹಾಕಿ, ಮೊಳೆಯಿಂದ ತೆಗೆದು ಅಂಟಿಸಿಟ್ಟಿದ್ದ ಒಂದು ಚೀಟಿಯನ್ನು ಮೆತ್ತಗೆ ಬಿಡಿಸಿ ಮೇಜಿನ ಮೇಲಿಟ್ಟಳು.

ಹಸಿರು ಚೀಟಿ. ಕೆಟಲಿನ ನಂಬರು. ಕಡೆಯ ಸಾಲಿನಲ್ಲಿ ದೊಡ್ಡಮ್ಮನದೇ ಗುಂಡನೆಯ ಅಕ್ಷರ: ಮನಸ್ಸು ಬದಲಾಯಿತು.

“ಇದನ್ನ ವಾಪಸ್ ತಂದ ಮನುಷ್ಯ ಹೇಳ್ದ,” ಎಂದಳು ಟೇಪಮ್ಮ. “ಹಿಡಿ ಅಲ್ಲಾಡುತ್ತೆ ಅಂತ ಎರಡು ಸಲ ಹೇಳ್ದ. ಅವರಮ್ಮ ಆಸೆಪಟ್ಟು ಕೊಡಿಸಿದ್ದಂತೆ, ಅದನ್ನ ವಾಪಸ್ ಕೊಡೋಕೆ ಅವನಿಗೆ ಮುಜುಗರ. ನೆಲ ನೋಡ್ಕೊಂಡು ಮಾತಾಡ್ತಿದ್ದ. ನೀವು ಅವನ ಮುಖ ನೋಡಿದ್ರಿ, ಹಸಿರು ಬರೆದ್ರಿ. ನಾನು ಪಕ್ಕದಲ್ಲೇ ಇದ್ದೆ. ನನಗೆ ಕೇಳಿಸಿತ್ತು, ದೊಡ್ಡಮ್ಮ. ಆದ್ರೂ ನೀವು ಬರೆದ ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡು ಟೇಪ್ ಸುತ್ತಿದೆ. ನಂದೂ ತಪ್ಪೇ.”

ದೊಡ್ಡಮ್ಮ ಚೀಟಿ ಎತ್ತಿಕೊಂಡು ತನ್ನ ಅಕ್ಷರವನ್ನು ಮತ್ತೊಮ್ಮೆ ಓದಿದಳು. ಮುಜುಗರವನ್ನು ಅವಳು ಕಂಡಿದ್ದಳು, ಅದು ಸರಿಯಾಗಿಯೇ ಇತ್ತು. ಅದರ ಮುಂದಿನ ಒಂದು ಪ್ರಶ್ನೆ ಕೇಳಿದ್ದರೆ ಆ ಹೆಂಗಸಿನ ಕಾಲು ಸುಡುತ್ತಿರಲಿಲ್ಲ.

“ಚೀಟಿ ತೋರಿಸಿದ್ರೆ ನಿನ್ನ ಕೆಲಸ ಉಳೀತಿತ್ತಲ್ಲೇ. ಮನೇಲಿ ಅಷ್ಟು ಕಷ್ಟ ಇಟ್ಕೊಂಡು...”

“ತೋರಿಸಿದ್ರೆ ನಿಮ್ಮ ಕಿವಿ ವಿಷಯ ಬರ್ತಿತ್ತು. ನಿಮ್ಮನ್ನ ಕಳಿಸಿಬಿಡ್ತಾರೆ ಅನ್ನಿಸ್ತು. ಚೀಟಿ ಸಿಗದಿದ್ರೆ ಯಾರಿಗೂ ಏನೂ ಆಗಲ್ಲ, ನಾಲ್ಕು ಮಾತು ಬಯ್ದು ಬಿಡ್ತಾರೆ ಅಂದ್ಕೊಂಡೆ. ನೀವೇ ನನ್ನ ಹೆಸರು ಹೇಳ್ತೀರಿ ಅಂತ ಗೊತ್ತಿರಲಿಲ್ಲ. ಮಷೀನ್ ತೆಗೆದಿದ್ದು ಆಮೇಲೆ ಕಾಣಿಸ್ತು.” ಟೇಪಮ್ಮ ಸುರುಳಿಯನ್ನು ಮತ್ತೆ ಮುಂಗೈಗೆ ಏರಿಸಿಕೊಂಡಳು. “ಆ ದಿನ ನೀವು ನನಗೆ ಚಪ್ಪಲಿ ಕೊಟ್ರಲ್ಲ. ಅದು ನನಗೆ ಮರೆಯೋಕೆ ಆಗಿಲ್ಲ.”

“ಕಚ್ಚೋ ಚಪ್ಪಲಿಗೆ ಇಷ್ಟು ದೊಡ್ಡ ಋಣವೇನೇ?”

ಟೇಪಮ್ಮ ಅವಳನ್ನೇ ನೋಡಿದಳು. “ಕಚ್ಚಿರಲಿಲ್ಲ, ದೊಡ್ಡಮ್ಮ. ಆವತ್ತು ಬೆಳಿಗ್ಗೆ ನಮ್ಮಕ್ಕ ಹೋಗಿಬಿಟ್ಟಿದ್ದಳು. ಆಸ್ಪತ್ರೆಯಿಂದ ಸೀದಾ ಇಲ್ಲಿಗೆ ನಡ್ಕೊಂಡು ಬಂದಿದ್ದೆ, ಎಲ್ಲಿಗೆ ಹೋಗಬೇಕು ಅಂತ್ಲೇ ತೋಚದೆ. ಕಾಲು ನೆಲದ ಮೇಲೆ ನಿಲ್ತಿರಲಿಲ್ಲ. ನೀವು ಒಂದು ಮಾತೂ ಕೇಳಲಿಲ್ಲ. ಕೇಳಿದ್ರೆ ಅಲ್ಲೇ ಬಿದ್ದುಹೋಗ್ತಿದ್ದೆ. ಎಲ್ಲಾ ಗೊತ್ತಾಗೇ ಸುಮ್ಮನಿದ್ದೀರಿ ಅಂದ್ಕೊಂಡಿದ್ದೆ.”

ಏಳು ವರ್ಷ ದೊಡ್ಡಮ್ಮ ಬಂದವರಿಗೆಲ್ಲ ನಗುನಗುತ್ತ ಹೇಳಿದ ಕಥೆ, ಟೇಪಮ್ಮನ ಎದುರೇ ಎಷ್ಟು ಸಲ ಹೇಳಿದ್ದಾಳೋ. ಚಪ್ಪಲಿ ಕಚ್ಚಿತ್ತು ಎಂದಾಗಲೆಲ್ಲ, ನನ್ನ ದುಃಖ ಮುಚ್ಚಲೆಂದೇ ದೊಡ್ಡಮ್ಮ ಹೀಗೆ ಹೇಳುತ್ತಾಳೆ ಎಂದು ಇವಳು ತಿಳಿದಿರಬೇಕು. ಕಣ್ಣಲ್ಲಿ ನೀರು ಬಂತು. ಟೇಪಮ್ಮನ ತಲೆಯನ್ನು ಎಳೆದು ತನ್ನ ಭುಜಕ್ಕೆ ಒತ್ತಿಕೊಂಡಳು.

“ನನಗೆ ಏನೂ ಗೊತ್ತಿರಲಿಲ್ಲ ಕಣೇ,” ಎಂದಳು. “ಕಾಲಿನ ಗುಳ್ಳೆ ಅಂತ್ಲೇ ಅಂದ್ಕೊಂಡಿದ್ದೆ.”

ಭುಜದ ಮೇಲಿನ ತಲೆ ಅಲುಗಿತು. ಅತ್ತಳೋ ನಕ್ಕಳೋ ಎಂದು ದೊಡ್ಡಮ್ಮ ಊಹಿಸಲು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ನಗುವಿನ ಸದ್ದು ಕೇಳಿಸಿತು, ಮೂಗೊರೆಸಿಕೊಳ್ಳುವ ಸದ್ದೂ ಕೇಳಿಸಿತು.

ಹಸಿರು ಚೀಟಿ ಹಿಡಿದುಕೊಂಡು ಗಾಜಿನ ಕೋಣೆಗೆ ಹತ್ತಿದಳು. ಯಜಮಾನರು ಮೊದಲು ನಂಬಲಿಲ್ಲ. ಟೇಪಮ್ಮನ ಮೇಲೆ ಕರುಣೆಯಿಂದ ತಪ್ಪು ಹೊತ್ತುಕೊಳ್ಳುತ್ತಿದ್ದೀರಿ ಎಂದರು. ದೊಡ್ಡಮ್ಮ ಕೂದಲು ಸರಿಸಿ ಮಷೀನು ತೋರಿಸಿದಳು. ಹತ್ತು ವರ್ಷದ ಕಥೆಯನ್ನು ಏನನ್ನೂ ಬಿಡದೆ ಹೇಳಿದಳು. ನಿನ್ನೆ ಇದೇ ಕುರ್ಚಿಯಲ್ಲಿ ಕಿವುಡಿಯಾಗಿ ಕೂತು ಒಬ್ಬಳ ಅನ್ನ ಕಿತ್ತದ್ದನ್ನೂ ಹೇಳಿದಳು. ಅವಳನ್ನು ಇಟ್ಟುಕೊಳ್ಳಿ, ನನ್ನನ್ನು ಕಳಿಸಿ ಎಂದಳು.

ಯಜಮಾನರು ಕುರ್ಚಿಗೆ ಒರಗಿ ಕೂತರು. ಮುಖದ ಬಣ್ಣ ಇಳಿದಿತ್ತು. ಬೆರಳುಗಳು ಕುರ್ಚಿಯ ತೋಳನ್ನು ಹಿಡಿದಿದ್ದವು. ಹಳೆಯ ದೊಡ್ಡಮ್ಮನಾಗಿದ್ದರೆ ಬರೆದು ಮುಗಿಸುತ್ತಿದ್ದಳು, ಸಿಟ್ಟು ಅಂತ. ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡಳು.

“ಯಜಮಾನ್ರೇ, ನಿಮ್ಮ ಮನಸ್ಸಲ್ಲಿ ಏನಿದೆ? ನಾನು ಮುಖ ನೋಡಿ ಹೇಳಲ್ಲ. ನೀವೇ ಹೇಳಿ, ಕೇಳಿಸ್ಕೊತೀನಿ.”

ಅವರು ಹಸಿರು ಚೀಟಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಗಡಿಯಾರದ ಮುಳ್ಳು ಸರಿಯುವುದು ಕೇಳುತ್ತಿತ್ತು.

“ಹೆದರಿಕೆ ಆಗ್ತಿದೆ, ದೊಡ್ಡಮ್ಮ,” ಎಂದರು ಕಡೆಗೆ. “ನಿಮ್ಮನ್ನ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಒಂದು ದಿನವೂ ಒಂದು ಪೆಟ್ಟಿಗೆ ಬಿಚ್ಚಿ ನೋಡಿಸಲಿಲ್ಲ. ನೀವು ಮುಖ ನೋಡಿ ಬರೆದ ಹಸಿರು ಚೀಟಿ ಇನ್ನೆಷ್ಟಿವೆ? ಅವೆಲ್ಲ ಯಾರ್ಯಾರ ಮನೇಲಿವೆ?”

ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಅಂದು ಅಂಗಡಿಯ ಬಾಗಿಲು ತೆರೆಯಲಿಲ್ಲ. ಟೇಪಮ್ಮ ತುಂಬಿಟ್ಟ ಪೆಟ್ಟಿಗೆಯಿಂದ ಕತ್ತರಿ ಹೊರಗೆ ಬಂತು, ಅದರಿಂದಲೇ ಶೆಲ್ಫಿನಲ್ಲಿದ್ದ ಕಂದು ಟೇಪಿನ ಪೆಟ್ಟಿಗೆಗಳನ್ನೆಲ್ಲ ಕೊಯ್ದಳು. ಸ್ಕ್ರೂ ಮಾವ ಒಂದೊಂದನ್ನೇ ಬಿಚ್ಚಿ ನೋಡಿದ, ಸ್ಕ್ರೂ ಬಾಯಿಗೆ ವಾಪಸು ಬಂದಿತ್ತು. ಇನ್ನು ಮುಂದೆ ಮೆಟ್ಟಿಲ ಕೆಳಗಿನ ಮೇಜು ಟೇಪಮ್ಮನದು ಎಂದರು ಯಜಮಾನರು. ದೊಡ್ಡಮ್ಮನನ್ನು ಕಳಿಸಲಿಲ್ಲ. ಬೇರೆ ಕೆಲಸ ಕೊಟ್ಟರು. ಕಂದು ಟೇಪಿನ ಸಾಮಾನು ಕೊಂಡವರಿಗೂ ಅದನ್ನು ಮೊದಲು ವಾಪಸು ಕೊಟ್ಟವರಿಗೂ ಫೋನ್ ಮಾಡಬೇಕು, ಏನಾಗಿತ್ತು ಎಂದು ಕೇಳಿ ಬರೆದುಕೊಳ್ಳಬೇಕು.

ಮೊಳೆಯಲ್ಲಿದ್ದ ಚೀಟಿಗಳ ರಾಶಿ ಒಂದು ಗೇಣು ಎತ್ತರವಿತ್ತು. ಹತ್ತು ವರ್ಷದಿಂದ ದೊಡ್ಡಮ್ಮ ಫೋನ್ ಮುಟ್ಟಿರಲಿಲ್ಲ. ಫೋನಿನಲ್ಲಿ ಮುಖವಿಲ್ಲ, ಹುಬ್ಬಿಲ್ಲ, ಪೆಟ್ಟಿಗೆಯ ಮೇಲೆ ಇಟ್ಟ ಕೈಯಿಲ್ಲ.

ಮೊದಲು ಬ್ಯಾಂಡೇಜಿನ ಹೆಂಗಸಿಗೆ ಮಾಡಿದಳು. ತಾನು ಯಾರು, ಏನು ಮಾಡಿದೆ ಎಂಬುದನ್ನು ಹೇಳಿ ಕ್ಷಮೆ ಕೇಳಿದಳು. ಆ ಕಡೆ ಸದ್ದೇ ಇಲ್ಲ. ಕೋಪ ಎಂದು ಬರೆಯಲು ಬೆರಳು ಚಡಪಡಿಸಿತು.

“ಕಾಲು ಹೇಗಿದೆ? ನಿಮಗೆ ಹೇಗಿದೆ?” ಎಂದು ಕೇಳಿದಳು.

“ಕಾಲು ಮಾಯುತ್ತೆ,” ಎಂದಿತು ದನಿ, ತಡೆದು ತಡೆದು. “ನೀರು ಕುದಿಯೋ ಸದ್ದು ಕೇಳಿದ್ರೆ ಅಡುಗೆಮನೆಯಿಂದ ಆಚೆ ಬಂದುಬಿಡ್ತೀನಿ. ಇಷ್ಟು ವಯಸ್ಸಾಗಿ ಕೆಟಲಿಗೆ ಹೆದರ್ತೀನಿ ಅಂದ್ರೆ ಮನೇಲಿ ನಗ್ತಾರೆ. ಅದಕ್ಕೆ ಯಾರಿಗೂ ಹೇಳಿಲ್ಲ. ನೀವು ಕೇಳಿದ್ರಿ ಅಂತ ಹೇಳ್ತಿದ್ದೀನಿ.”

“ನಾನು ನಗಲ್ಲ. ಹೇಳಿ,” ಎಂದಳು ದೊಡ್ಡಮ್ಮ.

ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆ ಹೆಂಗಸು ಬಹಳ ಹೊತ್ತು ಮಾತಾಡಿದಳು. ಮುಗಿದ ಮೇಲೆ ದೊಡ್ಡಮ್ಮ ಒಂದು ಕೆಂಪು ಚೀಟಿ ತೆಗೆದು ಕಡೆಯ ಸಾಲಿನಲ್ಲಿ ಬರೆಯತೊಡಗಿದಳು. ಸಾಲು ಸಾಲದಾಯಿತು, ಚೀಟಿ ತಿರುಗಿಸಿ ಹಿಂಬದಿಯಲ್ಲಿ ಮುಂದುವರಿಸಿದಳು.